ಅಂಗಡಿ ಕಟ್ಟೆಯಿಂದ: ಆಳದ ಮೀನಿನ ಲೆಕ್ಕ



ಹಿಂದೆ ನಮ್ಮ ಮನೆಗಳ ಪಡಸಾಲೆಯಲ್ಲಿ ಗಾದಿ, ಲೋಡು, ಕಿರ್ದಿ ಬರೆಯುವ ಇಳಿಮೇಜು, ಗೋಡೆಯ ಮೇಲೆ ತೀರ್ಥಕ್ಷೇತ್ರಗಳ ಪಟ ಇಷ್ಟಿದ್ದರೆ ಮನೆ ತುಂಬಿದಂತೆ ಕಾಣುತ್ತಿತ್ತು. ಈಗ ಹೊಸ ಮನೆ ಕಟ್ಟಿಸಿದವರಲ್ಲಿ ಹಲವರು ಪಡಸಾಲೆಗೆ ಗಾಜಿನ ಮೀನಿನ ತೊಟ್ಟಿ ಇರಿಸುತ್ತಾರೆ. ಪರದೇಶಕ್ಕೆ ಹೋದ ನಮ್ಮ ಹುಡುಗರಂತೂ ಇನ್ನೂ ಮುಂದೆ ಹೋಗಿ, ಸಿಹಿನೀರಿನ ಮೀನು ಬಿಟ್ಟು ಉಪ್ಪುನೀರಿನ ತೊಟ್ಟಿ ಮಾಡಿ, ಅದರೊಳಗೆ ಜೀವಂತ ಹವಳ ಬೆಳೆಸುತ್ತಾರೆ. ಅಲ್ಲಿಗೂ ತೃಪ್ತಿಯಾಗದೆ ಕೆಲವರು ಕಡಲಿನ ಆಳದಲ್ಲಿ, ಬೆಳಕು ಮಬ್ಬಾಗುವ ಕಡೆ ವಾಸಿಸುವ ಸೂಕ್ಷ್ಮ ಮೀನುಗಳನ್ನು ತರಿಸಿಕೊಳ್ಳುತ್ತಾರೆ. ಈ ತಿಂಗಳು ಆ ಮೀನಿನ ಲೆಕ್ಕವನ್ನು ನಾವು ಬಿಡಿಸಿ ನೋಡೋಣ ಎಂದಿದ್ದೇವೆ. ಅಂಗಡಿಕಾರನಿಗೆ ಸಮುದ್ರದ ಗೊಡವೆ ಏಕೆ ಎಂದು ಕೇಳಬೇಡಿರಿ. ಮಾಲು ಎಲ್ಲಿಂದ ಬಂತು, ಹೇಗೆ ಬಂತು, ದಾರಿಯಲ್ಲಿ ಎಷ್ಟು ಹಾಳಾಯಿತು ಎಂದು ಕೇಳುವುದೇ ನಮ್ಮ ಕಸುಬು.

ಮೊದಲು ಹವಳದ ತೊಟ್ಟಿ ಎಂದರೇನು ಎಂಬುದನ್ನು ತಿಳಿಯಬೇಕು. ಶುದ್ಧ ಮಾಡಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಸಮುದ್ರದ ಲವಣ ಬೆರೆಸಬೇಕು. 200 ಲೀಟರಿನ ತೊಟ್ಟಿಗೆ ಒಂದು ಸಲಕ್ಕೇ 7 ಕಿಲೋ ಆಯಿತು. ನೀರು ಆವಿಯಾದಾಗ ಲವಣ ಉಳಿದು ನೀರಷ್ಟೇ ಹೋಗುವುದರಿಂದ ದಿನವೂ ಸಿಹಿನೀರು ತುಂಬಿ ಸರಿದೂಗಿಸಬೇಕು. ಮೀನಿನ ಮಲಮೂತ್ರದಿಂದ ಹುಟ್ಟುವ ಅಮೋನಿಯಾ ವಿಷವನ್ನು ಅರಗಿಸುವ ಸೂಕ್ಷ್ಮಜೀವಿಗಳು ಕಲ್ಲು ಮರಳಿನಲ್ಲಿ ನೆಲೆಗೊಳ್ಳಲು ನಾಲ್ಕಾರು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿ ಸಿದ್ಧವಾಯಿತು ಎನ್ನುವಂತಿಲ್ಲ. ಇದರ ಮೇಲೆ ಪಂಪು, ದೀಪ, ಕಸರು ಎತ್ತುವ ಯಂತ್ರ, ವಿದ್ಯುತ್ತು ಹೋದರೆ ನಡೆಸಲು ಬ್ಯಾಟರಿ. ಇದು ಶ್ರಮದ ಹವ್ಯಾಸ, ಓದಿ ತಿಳಿದು ಮಾಡುವ ಹವ್ಯಾಸ ಎಂಬುದನ್ನು ನಾವು ಒಪ್ಪುತ್ತೇವೆ.

ನಮ್ಮ ದೇಶದಲ್ಲಿರುವವರು ಒಂದು ಮಾತನ್ನು ಮರೆಯಬಾರದು. ಗಟ್ಟಿ ಹವಳಗಳೆಲ್ಲ 2001 ರಿಂದ 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಅಂದರೆ ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಲಕ್ಷದ್ವೀಪದಿಂದಲೋ ಮನ್ನಾರ್ ಕೊಲ್ಲಿಯಿಂದಲೋ ಯಾರಾದರೂ ಕಿತ್ತು ತಂದು ಮಾರಿದರೆ, ಮಾರಿದವನೂ ಅಪರಾಧಿ, ಕೊಂಡವನೂ ಅಪರಾಧಿ. ಅಂಗಡಿಯವನು ಬಿಲ್ಲು ಕೊಟ್ಟನೆಂದು ನಂಬಿ ಮೋಸಹೋಗಬಾರದು.

ಇನ್ನು ಮೀನಿನ ವಿಷಯ. ಉದಾಹರಣೆಗೆ ಒಂದೇ ಒಂದು ಮೀನನ್ನು ತೆಗೆದುಕೊಳ್ಳೋಣ. ಇಂಗ್ಲಿಷಿನವರು ಅದನ್ನು ಲಾಂಗ್‌ಫಿನ್ ಆಂಥಿಯಾಸ್ ಎನ್ನುತ್ತಾರೆ, ಉದ್ದ ರೆಕ್ಕೆಯ ಮೀನು. ಪೆಸಿಫಿಕ್ ಸಾಗರದ ದ್ವೀಪಗಳ ಸುತ್ತ, ಬಂಡೆಯ ಗೋಡೆ ಕಡಿದಾಗಿ ಕೆಳಗಿಳಿಯುವ ಕಡೆ ಇದರ ವಾಸ. ಉದ್ದ ನಮ್ಮ ಕಿರುಬೆರಳಿಗಿಂತ ತುಸು ಹೆಚ್ಚು, ಏಳು ಸೆಂಟಿಮೀಟರಿನ ಆಸುಪಾಸು. ಗುಲಾಬಿ, ಹಳದಿ, ನೇರಳೆ ಮೂರೂ ಬಣ್ಣ ಒಂದೇ ಮೈಯಲ್ಲಿ. ಹವಾಯಿಯ ಬಿಷಪ್ ವಸ್ತುಸಂಗ್ರಹಾಲಯದ ಜಾನ್ ರಾಂಡಲ್ ಎಂಬ ಮತ್ಸ್ಯವಿಜ್ಞಾನಿ 1979 ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟರು. 2020 ರಲ್ಲಿ ತೀರಿಕೊಂಡ ರಾಂಡಲ್ ತಮ್ಮ ಜೀವಮಾನದಲ್ಲಿ 800 ಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ಗುರುತಿಸಿ ಹೆಸರಿಸಿದ ದೊಡ್ಡ ವಿದ್ವಾಂಸರು.

ಈ ಮೀನು ಹೆಚ್ಚಾಗಿ 40 ಮೀಟರಿಗಿಂತ ಕೆಳಗೆ, 100 ಮೀಟರಿನ ಆಚೆಗೂ ಇರುತ್ತದೆ. ಹವ್ಯಾಸಿ ಮುಳುಗುಗಾರರಿಗೆ 40 ಮೀಟರೇ ಗಡಿ. ಆ ಆಳದಲ್ಲಿ ಸೂರ್ಯನ ಕೆಂಪು ಬೆಳಕು ಇಳಿಯುವುದೇ ಇಲ್ಲ, ನೀಲಿಯೊಂದೇ ಉಳಿದಿರುತ್ತದೆ. ನೀರೂ ಮೇಲಿಗಿಂತ ತಂಪು. ಗುಹೆಯ ಬಾಯಲ್ಲಿ ಗುಂಪಾಗಿ ನಿಂತು, ಪ್ರವಾಹದಲ್ಲಿ ತೇಲಿಬರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹಗಲೆಲ್ಲ ಹೆಕ್ಕಿ ತಿನ್ನುವುದು ಇದರ ಬದುಕು.

ಇಂಥದನ್ನು ಮೇಲೆ ತರುವಾಗ ಏನಾಗುತ್ತದೆ? ಮೆಟ್ರಿಕ್‌ವರೆಗೆ ಓದಿದವರಿಗೆಲ್ಲ ಬಾಯ್ಲ್‌ನ ನಿಯಮ ನೆನಪಿರಬೇಕು. ರಾಬರ್ಟ್ ಬಾಯ್ಲ್ 1662 ರಲ್ಲಿ ಹೇಳಿದ್ದು ಇಷ್ಟೇ: ಒತ್ತಡ ಅರ್ಧಕ್ಕೆ ಇಳಿದರೆ ಗಾಳಿ ಎರಡರಷ್ಟು ಹಿಗ್ಗುತ್ತದೆ. ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಬಿಟ್ಟ ಈ ನಿಯಮ ಮೀನಿನ ಹೊಟ್ಟೆಯಲ್ಲಿ ದಿನವೂ ನಡೆಯುತ್ತಿದೆ. ನೀರಿನಲ್ಲಿ ಮುಳುಗದೆ, ತೇಲದೆ ನಿಲ್ಲುವುದಕ್ಕಾಗಿ ಮೀನಿನ ಮೈಯೊಳಗೆ ಒಂದು ಗಾಳಿಚೀಲ ಇದೆ. ಕಡಲಿನ ಮೀನಿನಲ್ಲಿ ಅದು ದೇಹದ ನೂರಕ್ಕೆ 5 ಪಾಲಿನಷ್ಟು ಜಾಗ ಹಿಡಿಯುತ್ತದೆ. ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 60 ಮೀಟರಿನಲ್ಲಿ ಒತ್ತಡ ಏಳು ಪಟ್ಟು. ಅಲ್ಲಿಂದ ಒಮ್ಮೆಲೆ ಮೇಲಕ್ಕೆಳೆದರೆ ಚೀಲದ ಗಾಳಿಯೂ ಏಳು ಪಟ್ಟಾಗಲು ನೋಡುತ್ತದೆ. ದೇಹದ ನೂರಕ್ಕೆ 5 ಪಾಲು ಇದ್ದದ್ದು 35 ಪಾಲು! ಕರುಳು ಬಾಯಿಗೆ ಬರುತ್ತದೆ, ಕಣ್ಣು ಹೊರಚಾಚುತ್ತವೆ, ಚೀಲವೇ ಹರಿಯುವುದೂ ಉಂಟು.

ಕೆರೆಯ ರೋಹು, ಕಾಟ್ಲಾ ಮೀನುಗಳಿಗೆ ಈ ಚೀಲದಿಂದ ಗಂಟಲಿಗೆ ಒಂದು ಕೊಳವೆ ಇದೆ. ಗಾಳಿ ಹೆಚ್ಚಾದರೆ ತೇಗಿ ಹೊರಬಿಡುತ್ತವೆ. ಆಂಥಿಯಾಸ್‌ನಂಥ ಹವಳದ ಮೀನುಗಳಿಗೆ ಆ ದಾರಿ ಇಲ್ಲ. ರಕ್ತದ ಮೂಲಕವೇ ಗಾಳಿ ಸ್ವಲ್ಪ ಸ್ವಲ್ಪವಾಗಿ ಇಳಿಯಬೇಕು. ಅದಕ್ಕೆ ತಾಸುಗಟ್ಟಲೆ ಸಮಯ ಬೇಕು. ಇನ್ನೊಂದು ಗಮನಿಸಿರಿ. 90 ಮೀಟರಿನಿಂದ 80 ಕ್ಕೆ ಬಂದರೆ ಒತ್ತಡ ಹತ್ತರಿಂದ ಒಂಬತ್ತಕ್ಕೆ ಇಳಿಯುತ್ತದೆ, ಗಾಳಿ ಒಂಬತ್ತರಲ್ಲಿ ಒಂದು ಪಾಲು ಮಾತ್ರ ಹಿಗ್ಗುತ್ತದೆ. ಕಡೆಯ 10 ಮೀಟರಿನಲ್ಲಿ ಮಾತ್ರ ಒಂದಿದ್ದದ್ದು ಎರಡಾಗುತ್ತದೆ. ಊರ ಅಗಸಿಗೆ ಬಂದ ಮೇಲೆ ಗಾಡಿ ಮಗುಚಿದ ಹಾಗೆ, ಬೆಳಕು ಕಂಡು ಇನ್ನೇನು ಬಂದೆವು ಎನ್ನುವಲ್ಲಿಯೇ ಅಪಾಯ ಹೆಚ್ಚು.

ಆದ್ದರಿಂದ ಬಲ್ಲ ಮುಳುಗುಗಾರರು ಹಿಡಿದ ಮೀನನ್ನು ಬುಟ್ಟಿಯಲ್ಲಿಟ್ಟು ಮೆಟ್ಟಿಲು ಮೆಟ್ಟಿಲಾಗಿ, ನಿಂತು ನಿಂತು ಮೇಲೆ ತರುತ್ತಾರೆ. ಅವಸರ ಇದ್ದವರು ಮೀನಿನ ಪಕ್ಕೆಗೆ ಸೂಜಿ ಚುಚ್ಚಿ ಗಾಳಿ ತೆಗೆಯುತ್ತಾರೆ. ಪಳಗಿದ ಕೈಯಾದರೆ ಮೀನು ಬದುಕುತ್ತದೆ. ಪಳಗದ ಕೈಯಾದರೆ ಒಳಗೆ ಹುಣ್ಣಾಗಿ, ಕೊಂಡವನ ಮನೆಗೆ ಬಂದು ವಾರದ ಮೇಲೆ ಸಾಯುತ್ತದೆ. ಆಗ ಅವನು ತನ್ನ ತೊಟ್ಟಿಯ ನೀರನ್ನು ದೂರುತ್ತಾನೆ.

ಮೀನಿಗಷ್ಟೇ ಅಲ್ಲ, ಇಳಿದವನಿಗೂ ಇದೇ ಕಷ್ಟ. ಹವಾಯಿಯ ರಿಚರ್ಡ್ ಪೈಲ್ ಎಂಬ ವಿಜ್ಞಾನಿ 1986 ರಲ್ಲಿ, 19 ರ ಹರೆಯದಲ್ಲಿ, ಪಲಾವ್ ದ್ವೀಪದ ಆಳಕ್ಕೆ ಇಳಿದು ಬೇಗ ಮೇಲೆ ಬಂದದ್ದರಿಂದ ಕೈಕಾಲು ಸ್ವಾಧೀನ ತಪ್ಪಿ, ಚೇತರಿಸಿಕೊಳ್ಳಲು ಬಹುಕಾಲ ಬೇಕಾಯಿತು. ಆಮೇಲೂ ಅವರು ಇಳಿಯುವುದನ್ನು ಬಿಡಲಿಲ್ಲ. ಮೀನು ಹಿಡಿದ ದಿನ ಅದರ ಗಾಳಿ ತೆಗೆಯಲೆಂದು ನಡುದಾರಿಯಲ್ಲಿ ನಿಲ್ಲುತ್ತಿದ್ದರು. ಮೀನು ಸಿಗದ ದಿನ ನಿಲ್ಲುತ್ತಿರಲಿಲ್ಲ. ನಿಂತು ಬಂದ ದಿನ ತಮಗೆ ಆಯಾಸ ಕಡಿಮೆ ಎಂಬುದನ್ನು ಕಂಡುಕೊಂಡು ಬರೆದರು. ಮುಳುಗುಗಾರರಲ್ಲಿ ಅದು ಒಂದು ಪದ್ಧತಿಯೇ ಆಯಿತು. ಮುಂದೆ ಅಮೆರಿಕದ ನೌಕಾದಳ 2011 ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಷ್ಟು ಆಳದ ನಿಲುಗಡೆಯಿಂದ ಮನುಷ್ಯನಿಗೆ ಲಾಭವಿಲ್ಲ, ಮೇಲಿನ ಹಂತಗಳಲ್ಲಿ ಹೆಚ್ಚು ಹೊತ್ತು ನಿಲ್ಲುವುದೇ ಮೇಲು ಎಂದು ಕಂಡಿತು. ಏನೇ ಇರಲಿ, ನಿಲ್ಲದೆ ಬರುವಂತಿಲ್ಲ ಎಂಬುದರಲ್ಲಿ ಇಬ್ಬರದೂ ಒಂದೇ ಮಾತು. ನೂರು ಮೀಟರಿನಲ್ಲಿ ಕಾಲು ತಾಸು ಕಳೆದವನು ಮೇಲೆ ಬರಲು ಹಲವಾರು ತಾಸು ನೀರಿನಲ್ಲಿ ಕಾಯಬೇಕು. ಬೆಲೆಚೀಟಿಯಲ್ಲಿ ಕಾಣದ ಹಮಾಲಿ ಇದು.

ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ಸಂಸ್ಥೆಯವರು ಇದಕ್ಕೆ ಒಂದು ಒಳ್ಳೆಯ ಉಪಾಯ ಮಾಡಿದರು. ಗಟ್ಟಿಯಾದ ಒತ್ತಡದ ಪೆಟ್ಟಿಗೆಯೊಂದನ್ನು ನೀರಿನೊಳಕ್ಕೆ ಒಯ್ದು, ಆಳದಿಂದ ತಂದ ಮೀನನ್ನು ಅದರೊಳಗೆ ಬಿಟ್ಟು, ಅಲ್ಲಿನ ಒತ್ತಡದೊಂದಿಗೇ ಮುಚ್ಚಿ ಮೇಲೆ ತಂದರು. ಆಮೇಲೆ ಒತ್ತಡವನ್ನು ಎರಡು ಮೂರು ದಿನ ಸಾವಕಾಶವಾಗಿ ಇಳಿಸಿದರು. ಸೂಜಿ ಇಲ್ಲ, ಗಾಯ ಇಲ್ಲ. ಇಂಥ ಮೀನುಗಳನ್ನು ಜನರಿಗೆ ತೋರಿಸಲು ಅವರು 2016 ರಲ್ಲಿ ಪ್ರದರ್ಶನ ತೆರೆದರು. ಪೆಟ್ಟಿಗೆಯ ವಿವರವನ್ನು 2018 ರಲ್ಲಿ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದರು. ವಿದ್ಯೆಯನ್ನು ಮುಚ್ಚಿಡದೆ ಹಂಚಿದ ಈ ಗುಣ ನಮಗೆ ಬಹಳ ಹಿಡಿಸಿತು. ಆದರೆ ಮಾರಾಟಕ್ಕೆ ಬರುವ ಮೀನಿಗೆಲ್ಲ ಇಂಥ ಪೆಟ್ಟಿಗೆಯ ಭಾಗ್ಯ ಇಲ್ಲ ಎಂಬುದನ್ನೂ ನೆನಪಿಡಬೇಕು.

ಇಲ್ಲಿ ನಮ್ಮವರಿಗೆ ಒಂದು ವಿಚಾರ ಬರಬಹುದು. ಹಿಡಿದದ್ದಾಯಿತು, ದಯೆ ತೋರಿ ಬಿಟ್ಟುಬಿಟ್ಟರೆ ಆಗದೆ? ಜೀವವನ್ನು ರೊಕ್ಕ ಕೊಟ್ಟು ಬಿಡಿಸಿ ಬಿಡುವ ಪದ್ಧತಿ ನಮ್ಮಲ್ಲಿ ಇದ್ದದ್ದೇ. ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಡುವೆನೆಂದು ಮುನಿಗಳ ಮುಂದೆ ವ್ರತ ತೊಟ್ಟ ಮೃಗಸೇನ ಧೀವರನ ಕಥೆಯನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅದೇ ಮೀನು ಮತ್ತೆ ಮತ್ತೆ ಬಲೆಗೆ ಬಿದ್ದರೂ ಆತ ಗುರುತು ಹಿಡಿದು ಐದು ಸಲ ಬಿಟ್ಟ. ಅದು ಬದುಕಿ ಈಜಿಹೋಯಿತು. ಅದು ಹೊಳೆಯ ಮೀನು. ಆಳದ ಮೀನಿಗೆ ಈ ದಯೆ ಸಲ್ಲುವುದಿಲ್ಲ. ಮೇಲೆ ತಂದ ಮೇಲೆ ಬಿಟ್ಟರೆ ಅದು ಉಬ್ಬಿದ ಚೀಲದಿಂದಾಗಿ ಕೆಳಗೆ ಇಳಿಯಲಾರದೆ, ನೀರ ಮೇಲೆ ಹೊಟ್ಟೆ ಮೇಲಾಗಿ ತೇಲುತ್ತ ಹಕ್ಕಿಗಳ ಪಾಲಾಗುತ್ತದೆ. ಗಾಳಕ್ಕೆ ಸಿಕ್ಕ ಬೇಡದ ಮೀನನ್ನು ಭಾರ ಕಟ್ಟಿ ಆಳಕ್ಕೆ ಇಳಿಸಿ ಬಿಡುವ ಸಾಧನವನ್ನೋ, ಗಾಳಿ ತೆಗೆಯುವ ಸೂಜಿಯನ್ನೋ ದೋಣಿಯಲ್ಲಿ ಸಿದ್ಧ ಇಟ್ಟಿರಬೇಕೆಂದು ಮೆಕ್ಸಿಕೋ ಕೊಲ್ಲಿಯಲ್ಲಿ ಅಮೆರಿಕ ಸರಕಾರ 2022 ರಲ್ಲಿ ಕಾನೂನು ಜಾರಿ ಮಾಡಿದ್ದು ಇದೇ ಕಾರಣಕ್ಕೆ.

ತೊಟ್ಟಿಯಲ್ಲಿ ಸಾಕಿದ್ದನ್ನು ಬೇಸರವಾದಾಗ ಹತ್ತಿರದ ಕಡಲಿಗೆ ಬಿಡುವುದಂತೂ ಇನ್ನೂ ಕೇಡು. ನಮ್ಮ ಕಡೆಯ ಸಾಗರಗಳ ಸಿಂಹಮೀನು 1985 ರಲ್ಲಿ ಅಮೆರಿಕದ ಫ್ಲಾರಿಡಾ ತೀರದಲ್ಲಿ ಕಾಣಿಸಿಕೊಂಡಿತು. ತೊಟ್ಟಿಗಳಿಂದ ಬಿಟ್ಟದ್ದೇ ಇದಕ್ಕೆ ಕಾರಣವೆಂದು ತಿಳಿದವರು ಹೇಳುತ್ತಾರೆ. ಅದು ಇಂದು ಕೆರಿಬಿಯನ್ ಸಮುದ್ರವನ್ನೆಲ್ಲ ಹಬ್ಬಿ ಅಲ್ಲಿನ ಸಣ್ಣ ಮೀನುಗಳನ್ನು ಮುಗಿಸುತ್ತಿದೆ.

ಇನ್ನು ಮನೆಗೆ ಬಂದ ಮೇಲಿನ ಖರ್ಚು ನೋಡೋಣ. ಸಾಮಾನ್ಯ ಹವಳದ ತೊಟ್ಟಿಗೆ 25, 26 ಡಿಗ್ರಿ ಶಾಖ ಸರಿ. ಈ ಮೀನಿಗೆ ಅದಕ್ಕಿಂತ ತಂಪು ನೀರು, 21 ರಿಂದ 24 ರ ಒಳಗೆ ಬೇಕು. ಅದಕ್ಕೆ ನೀರು ತಣಿಸುವ ಚಿಲ್ಲರ್ ಯಂತ್ರ ಬೇರೆ. ಹವಳ ಬೆಳೆಯಲು ಬೇಕಾದ ಪ್ರಖರ ಬೆಳಕು ಈ ಮೀನಿಗೆ ಆಗದು, ಮೂಲೆ ಹಿಡಿದು ಹೆದರಿ ಕೂಡುತ್ತದೆ. ಮಬ್ಬು ನೀಲಿ ಬೆಳಕು, ಅಡಗಲು ಕಲ್ಲಿನ ಗವಿ, ಜಗಳಗಂಟಿಯಲ್ಲದ ಜೊತೆಗಾರರು ಬೇಕು. ಬೆಚ್ಚಿದರೆ ಹಾರಿ ನೆಲಕ್ಕೆ ಬೀಳುವ ಸ್ವಭಾವವಾದ್ದರಿಂದ ತೊಟ್ಟಿಗೆ ಬಲೆಯ ಮುಚ್ಚಳ ಇರಲೇಬೇಕು. ತಂದ ಕೂಡಲೆ ದೊಡ್ಡ ತೊಟ್ಟಿಗೆ ಬಿಡದೆ, ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇರಿಸಿ, ಉಣ್ಣುವುದೋ ಇಲ್ಲವೋ, ರೋಗ ಇದೆಯೋ ಎಂದು ನೋಡಬೇಕು.

ಎಲ್ಲಕ್ಕೂ ಕಠಿಣವಾದದ್ದು ಊಟ. ಹಗಲೆಲ್ಲ ಚೂರು ಚೂರು ತಿನ್ನುವ ಜೀವಕ್ಕೆ ಬೆಳಗ್ಗೆ ಒಮ್ಮೆ ಚಿಟಿಕೆ ಹಾಕಿದರೆ ಸಾಲದು. ದಿನಕ್ಕೆ ಮೂರು ನಾಲ್ಕು ಸಲವಾದರೂ ಹಾಕಬೇಕು. ಹೊಸದಾಗಿ ಬಂದದ್ದು ಚಲಿಸದ ಆಹಾರವನ್ನು ಆಹಾರವೆಂದೇ ಅರಿಯದೆ, ಎದುರಿಗಿದ್ದರೂ ಉಪವಾಸ ಬಿದ್ದು ಸೊರಗುತ್ತದೆ. ಮನೆಯವರೆಲ್ಲ ಲಗ್ನಕ್ಕೋ ಯಾತ್ರೆಗೋ ಎಂಟು ದಿನ ಹೋದರೆ ಇದರ ಗತಿ ಏನು?

ಊಟದ ಮಾತು ಬಂದಾಗ ಜೈನ ಮನೆಯವರು ನೇರವಾಗಿ ತಿಳಿಯಬೇಕಾದದ್ದು ಒಂದಿದೆ. ಈ ಮೀನು ಕಾಳು, ಸೊಪ್ಪು ತಿನ್ನುವುದಿಲ್ಲ. ಸಣ್ಣ ಸಿಗಡಿಯಂಥ ಜೀವಿಗಳೇ ಅದರ ಅನ್ನ. ಬಿಸಿಲು ಇಳಿಯುವ ಮುನ್ನ ಊಟ ಮುಗಿಸುವ ಮನೆಯ ಶೀತಪೆಟ್ಟಿಗೆಯಲ್ಲಿ ಸಿಗಡಿಯ ಪೊಟ್ಟಣ ಇಡಬೇಕಾಗುತ್ತದೆ. ಅದು ಮೀನಿನ ತಪ್ಪಲ್ಲ, ಹುಟ್ಟುಗುಣ. ಕಡಲಿನಲ್ಲಿ ಅದು ತಾನೇ ಹುಡುಕಿ ತಿನ್ನುತ್ತಿತ್ತು, ಅದರ ಲೆಕ್ಕ ಅದರದು. ಇಲ್ಲಿ ಮಾತ್ರ ನಾವು ಕೈಯಾರೆ ಕೊಳ್ಳಬೇಕು, ಕೈಯಾರೆ ಹಾಕಬೇಕು. ಕೊಡದೆ ಬಿಟ್ಟರೆ ಅದೂ ಹಿಂಸೆ. ಶ್ರಾವಕನ ಅಹಿಂಸಾಣುವ್ರತಕ್ಕೆ ಹಿರಿಯರು ಐದು ಅತಿಚಾರ ಹೇಳಿದ್ದಾರೆ. ಜೀವವನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಛೇದಿಸುವುದು, ಅತಿಯಾದ ಭಾರ ಹೇರುವುದು, ಅನ್ನ ನೀರು ತಪ್ಪಿಸುವುದು. ಎತ್ತು ಕುದುರೆ ಸಾಕುವವರಿಗೆ ಹೇಳಿದ ಮಾತೆಂದು ನಾವು ತಿಳಿದಿದ್ದೆವು. ಗಾಜಿನ ತೊಟ್ಟಿಗೂ ಅಳವಡಿಸಿ ನೋಡಿದರೆ, ತೊಟ್ಟಿಯ ಬಂಧನ, ಸೂಜಿಯ ಛೇದ, ಹಸಿವೆ ಮೂರೂ ಅಲ್ಲಿ ಕಾಣುತ್ತವೆ.

ಇದೆಲ್ಲ ನಾವು ಓದಿ ತಿಳಿಯಲು ಕಾರಣವಾದದ್ದು ನಮ್ಮ ತಂಗಿಯ ಮೊಮ್ಮಗ. ಕ್ಯಾಲಿಫೋರ್ನಿಯಾದಲ್ಲಿ ನೌಕರಿ. ಆರು ವರ್ಷದಿಂದ ಹವಳದ ತೊಟ್ಟಿಯನ್ನು ಮಗುವಿನಂತೆ ನೋಡಿಕೊಂಡವನು. ಈ ಮೀನು ಮಾರಾಟಕ್ಕೆ ಬಂದಿದೆ ಎಂದು ಅವನಿಗೆ ತಿಳಿಯಿತು. ತಾಯಿ ಬೇಡ ಎಂದಳು. ಅವನು ನಮಗೆ ಫೋನು ಮಾಡಿದ.

"ಅಜ್ಜಾ, ರೊಕ್ಕದ ಮಾತಲ್ರಿ, ರೊಕ್ಕ ನನ್ನ ಹತ್ರ ಅದ. ಅವ್ವ ಒಲ್ಲೆ ಅಂತಾಳ. ನೀವೊಂದು ಮಾತು ಹೇಳ್ರಿ."

ನಾವು ಬೇಡ ಎನ್ನಲೂ ಇಲ್ಲ, ತಗೋ ಎನ್ನಲೂ ಇಲ್ಲ. ಬೆಳೆದ ಹುಡುಗನಿಗೆ ಬೇಡ ಎಂದರೆ ಅದು ಬೇಡವಾಗುವುದಿಲ್ಲ, ಗುಟ್ಟಾಗುತ್ತದೆ.

"ತಮ್ಮಾ, ಅದನ್ನ ಎಷ್ಟು ಆಳದಾಗ ಹಿಡದ್ರು, ಎಷ್ಟು ಹೊತ್ತಿನಾಗ ಮ್ಯಾಲ ತಂದ್ರು, ಬಂದ ಮ್ಯಾಲ ಎಷ್ಟು ದಿನ ಉಂಡದ, ಇಷ್ಟು ಕೇಳಿ ನನಗ ತಿಳಸು. ಆಮ್ಯಾಲ ನಿನ್ನ ಮನಸ್ಸಿಗೆ ಬಂದಂಗ ಮಾಡು" ಎಂದೆವು.

ನಾಲ್ಕು ದಿನದ ಮೇಲೆ ಅವನೇ ಮತ್ತೆ ಫೋನು ಮಾಡಿದ. ಮಾರುವವನು ಬೆಲೆ ಹೇಳಿದ, ಬಣ್ಣ ವರ್ಣಿಸಿದ, ಯಾವ ದಿನ ತಲಪುತ್ತದೆ ಎಂದೂ ಹೇಳಿದ. ನಾವು ಕೇಳಿಸಿದ ಮೂರರಲ್ಲಿ ಒಂದಕ್ಕೂ ಅವನಲ್ಲಿ ಉತ್ತರ ಇರಲಿಲ್ಲವಂತೆ. ಹುಡುಗ ಕೊಳ್ಳಲಿಲ್ಲ. ರವಿವಾರ ತಾಯಿಯನ್ನೂ ಕರೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೋಕ್ಕೆ ಹೋಗಿ, ಅಲ್ಲಿನ ಮತ್ಸ್ಯಾಲಯದಲ್ಲಿ ಆಳದ ಮೀನುಗಳನ್ನು ನೋಡಿ ಬಂದನಂತೆ. "ಅವ್ವಗ ನನಗಿಂತ ಹೆಚ್ಚು ಖುಷಿ ಆತ್ರಿ ಅಜ್ಜಾ" ಎಂದ. ನಮಗೆ ಅಷ್ಟು ಸಾಕಾಯಿತು.

ಹವ್ಯಾಸ ಬೇಡ ಎಂದು ನಾವು ಯಾರಿಗೂ ಹೇಳುತ್ತಿಲ್ಲ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮೀನುಗಳೂ ಈಗ ಸಿಗುತ್ತವೆ. ಕಿತ್ತಳೆ ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ನಮ್ಮ ದೇಶದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೇ ಮರಿ ಮಾಡಿಸಿದ್ದಾರೆ. ಹವಾಯಿಯ ಓಷಿಯಾನಿಕ್ ಇನ್ಸ್ಟಿಟ್ಯೂಟ್‌ನವರು ಪಾಚಿ ಮೇಯುವ ಹಳದಿ ಟ್ಯಾಂಗ್ ಮೀನನ್ನು ಮೊದಲ ಬಾರಿಗೆ 2015 ರಲ್ಲಿ ತೊಟ್ಟಿಯಲ್ಲಿ ಬೆಳೆಸಿದರು. ಇವು ಆಳದಿಂದ ಮೇಲೇರುವ ಸಂಕಟ ಕಂಡವಲ್ಲ. ಬಂಧನ ಇವಕ್ಕೂ ಇದೆ ಎಂಬ ಮಾತು ಉಳಿದೇ ಉಳಿಯುತ್ತದೆ. ಅದನ್ನು ಅವರವರ ಮನಸ್ಸು ತೀರ್ಮಾನಿಸಬೇಕು.

ಆಳದ ಮೀನು ಕೊಳ್ಳಬೇಕೆಂಬವರು ಮಾತ್ರ ಮುಂಗಡ ಕೊಡುವ ಮುನ್ನ ಆ ಮೂರು ಪ್ರಶ್ನೆ ಕೇಳಲಿ. ಜೊತೆಗೆ ತಮ್ಮನ್ನೂ ಎರಡು ಕೇಳಿಕೊಳ್ಳಲಿ. ದಿನಕ್ಕೆ ನಾಲ್ಕು ಸಲ ಊಟ ಹಾಕುವವರು ಮನೆಯಲ್ಲಿ ಯಾರು? ಆ ಊಟವನ್ನು ಕೈಯಿಂದ ಮುಟ್ಟಲು ಮನೆಯವರ ಮನಸ್ಸು ಒಪ್ಪುತ್ತದೆಯೆ? ಐದರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ವ್ಯವಹಾರ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಬಟ್ಟೆ ಸರಿಬರದಿದ್ದರೆ ವಾಪಸು ಕೊಡಬಹುದು, ಕಾಳು ಮುಗ್ಗಿದ್ದರೆ ತಿರುಗಿ ಕಳಿಸಬಹುದು. ಅರವತ್ತು ಮೀಟರು ಮೇಲೆ ಬಂದ ಜೀವವನ್ನು ಮಾತ್ರ ಹಿಂದಕ್ಕೆ ಕಳಿಸಲು ಬರುವುದಿಲ್ಲ. ಅದರ ಮೇಲೆ ದಯೆ ತೋರುವ ಸಮಯ ಕೊಳ್ಳುವ ಮುಂಚೆಯೇ ಹೊರತು ಕೊಂಡ ಮೇಲಲ್ಲ.